ಗೆಣಸಿನ ಮುಖವಾಡ ಊರಿಗೆ ಮರಳಬೇಕಾದರೆ

ಪಪುವಾ ನ್ಯೂಗಿನಿಯ ಪೂರ್ವ ಸೆಪಿಕ್ ಪ್ರಾಂತ್ಯದಲ್ಲಿ, ಮಾಪ್ರಿಕ್ ಪಟ್ಟಣದ ಸುತ್ತಮುತ್ತ ಅಬೆಲಾಮ್ ಜನರ ಊರುಗಳಿವೆ. ಅಲ್ಲಿ ಹಂಬಿನ ಎಳೆಯಿಂದ ಹೆಣೆದ ಮುಖವಾಡವನ್ನು ಕಟ್ಟುವುದು ಬಳ್ಳಿಗೆಣಸಿಗೆ. ಆಳುದ್ದ ಬೆಳೆದ ಗೆಣಸನ್ನು ಗಳಕ್ಕೆ ಬಿಗಿದು, ಬಳ್ಳಿ ಹೊರಟಿದ್ದ ತುದಿಯನ್ನು ತಲೆ ಎಂದು ಹಿಡಿದು ಅಲ್ಲಿಗೆ ಮುಖವಾಡ ಕಟ್ಟುತ್ತಾರೆ. ಗರಿ, ಚಿಪ್ಪು, ಎಲೆ, ಹೂವುಗಳಿಂದ ಸಿಂಗರಿಸಿ ಊರ ನಡುವಿನ ಬಯಲಲ್ಲಿ ಸಾಲಾಗಿ ಇಡುತ್ತಾರೆ. ನೆರೆಯೂರಿನವರು ಬಂದು ಉದ್ದ ಅಳೆಯುತ್ತಾರೆ, ದಪ್ಪ ನೋಡುತ್ತಾರೆ, ವಾದ ಮಾಡುತ್ತಾರೆ. ಅಷ್ಟಾದ ಮೇಲೆ ಆ ಗೆಣಸು ಬೆಳೆದವನಿಗೆ ಉಳಿಯುವುದಿಲ್ಲ. ಊರಿನ ಇನ್ನೊಂದು ಪಾಲಿಗೆ ಸೇರಿದ ಜೊತೆಗಾರನಿಗೆ ಅದನ್ನು ಕೊಟ್ಟುಬಿಡಬೇಕು, ಅವನು ಬೆಳೆದದ್ದು ಇವನಿಗೆ ಬರಬೇಕು. ತಾನು ಬೆಳೆದ ಉದ್ದ ಗೆಣಸನ್ನು ತಾನೇ ತಿನ್ನುವಂತಿಲ್ಲ. ಮುಖವಾಡವನ್ನು ಮಾತ್ರ ಬಿಚ್ಚಿ ಮುಂದಿನ ಸುಗ್ಗಿಗೆ ಎತ್ತಿಡುತ್ತಾರೆ.

ಹೀಗೆ ಎತ್ತಿಟ್ಟ ಮುಖವಾಡಗಳಲ್ಲಿ ಬಹಳಷ್ಟು ಈಗ ಯುರೋಪು, ಅಮೆರಿಕ, ಆಸ್ಟ್ರೇಲಿಯದ ಸಂಗ್ರಹಾಲಯಗಳಲ್ಲಿವೆ. ಪಪುವಾ ನ್ಯೂಗಿನಿ ಸ್ವತಂತ್ರವಾದದ್ದು 1975ರಲ್ಲಿ. ಅದಕ್ಕಿಂತ ಮುಂಚಿನ ಎರಡು ದಶಕಗಳಲ್ಲಿ ಸಂಗ್ರಾಹಕರು, ವ್ಯಾಪಾರಿಗಳು, ಮಾನವಶಾಸ್ತ್ರಜ್ಞರು ಕೊಂಡು ಒಯ್ದದ್ದು ಬಹಳ. ವಸಾಹತು ಕಾಲದ ಸಂಗ್ರಹಗಳನ್ನು ಹಿಂದಿರುಗಿಸಬೇಕೆಂಬ ಒತ್ತಾಯ ಎಲ್ಲ ಕಡೆ ಬಲವಾಗುತ್ತಿದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದ ರಾಕ್‌ಫೆಲ್ಲರ್ ವಿಭಾಗ ನವೀಕರಣ ಮುಗಿಸಿ 2025ರ ಮೇ 31ರಂದು ಮತ್ತೆ ತೆರೆದಾಗ, ಓಷಿಯಾನಿಯದ, ಅಂದರೆ ಪೆಸಿಫಿಕ್ ದ್ವೀಪಗಳ, ಕಲೆಯನ್ನು ಯಾರು, ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು ಎಂಬ ಮಾತು ಮತ್ತೆ ಮೇಲೆ ಬಂತು. ಈ ಚರ್ಚೆಯಲ್ಲಿ ಮರದ ಕೆತ್ತನೆಗೂ ಕಂಚಿನ ವಿಗ್ರಹಕ್ಕೂ ಹೊಂದುವ ವಾದಗಳನ್ನೇ ನಾರಿನ ಮುಖವಾಡಕ್ಕೂ ಹೊಂದಿಸಲಾಗುತ್ತಿದೆ. ನಾರಿನ ವಿಷಯ ಬೇರೆ. ಅದರ ಆಯುಸ್ಸು ಬೇರೆ, ಅದಕ್ಕೆ ಬೀಳುವ ಹುಳು ಬೇರೆ, ಹುಳು ಓಡಿಸಲೆಂದು ಅದಕ್ಕೆ ಸುರಿದ ವಿಷವೂ ಬೇರೆ.

ಮೊದಲು ಗೆಣಸಿನ ಮಾತು. ಇದು ಡಯಾಸ್ಕೋರಿಯಾ ಅಲಾಟ, ನಮ್ಮ ಮಲೆನಾಡು ಮತ್ತು ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಬಳ್ಳಿಗೆಣಸಿನದೇ ಜಾತಿ. ದಿನದ ಊಟದ ಗೆಣಸು ಬೇರೆ, ಅದರ ತೋಟ ಬೇರೆ. ಉದ್ದ ಗೆಣಸಿನ ತೋಟ ಗಂಡಸರದು. ಬೆಳೆಯ ಕಾಲದಲ್ಲಿ ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ, ಬೆಳೆಯುವವನು ಬ್ರಹ್ಮಚರ್ಯ ಪಾಲಿಸಬೇಕು, ತಿನಿಸಿನಲ್ಲೂ ಕಟ್ಟುಪಾಡುಗಳಿವೆ. ಗೆಡ್ಡೆ ಇಳಿಯುವ ಕಡೆ ಆಳದ ಗುಂಡಿ ತೋಡಿ, ಕಲ್ಲು ಬೇರು ಆರಿಸಿ, ಮಣ್ಣನ್ನು ಕೈಯಲ್ಲಿ ಪುಡಿಮಾಡಿ ಸಡಿಲವಾಗಿ ತುಂಬುತ್ತಾರೆ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಬುಡದಲ್ಲಿ ಒಂದಕ್ಕಿಂತ ಹೆಚ್ಚು ಗೆಡ್ಡೆ ಮೂಡಿದರೆ ಒಂದನ್ನು ಉಳಿಸಿ ಉಳಿದದ್ದನ್ನು ತೆಗೆಯುತ್ತಾರೆ. ಕಲ್ಲು ತಗುಲಿದರೆ ಗೆಡ್ಡೆ ಸೊಟ್ಟಗಾಗುತ್ತದೆ ಅಥವಾ ಕವಲೊಡೆಯುತ್ತದೆ. ನೀರು ನಿಂತರೆ ತುದಿ ಕೊಳೆಯುತ್ತದೆ. ಕೀಳುವಾಗ ಮುರಿದರೆ ವರ್ಷದ ದುಡಿಮೆ ಪ್ರದರ್ಶನಕ್ಕೆ ಬಾರದೆ ಹೋಗುತ್ತದೆ. ಒಂದೂವರೆ, ಎರಡು ಮೀಟರ್ ಬರುವುದು ಸಾಮಾನ್ಯ, ಮೂರು ಮೀಟರ್ ದಾಟಿದವೂ ದಾಖಲಾಗಿವೆ. ಇಂಥ ಗೆಣಸನ್ನು ಅವರು ಜೀವ ಇರುವ, ಕೇಳಿಸಿಕೊಳ್ಳಬಲ್ಲ, ವಾಸನೆ ಹಿಡಿಯಬಲ್ಲ ವ್ಯಕ್ತಿಯೆಂದೇ ನಡೆಸಿಕೊಳ್ಳುತ್ತಾರೆ. ಅದಕ್ಕೆ ಕುಲದ ಹಿರಿಯ ದೈವಗಳಾದ ಙ್ವಾಲ್ನ್ದುಗಳ ನಂಟು ಇದೆ. ಮುಖವಾಡ ಕಟ್ಟುವುದೆಂದರೆ ಆ ವ್ಯಕ್ತಿಗೆ ಮುಖ ತೊಡಿಸುವುದು.

ಬಾಬಾ ತಾಗ್ವಾ ಎಂದು ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಕಾಣುವ ಈ ಮುಖವಾಡಗಳಲ್ಲಿ ಹಗುರ ಮರದಲ್ಲಿ ಕೆತ್ತಿದವೂ ಇವೆ, ಹೆಣೆದವೂ ಇವೆ. ಹೆಣೆದವುಗಳ ಕೈಗೆಲಸ ಹತ್ತಿರದಿಂದ ನೋಡುವಂಥದು. ಕಚ್ಚಾವಸ್ತು ಲೈಗೋಡಿಯಂ ಎಂಬ ಹಂಬು ಜರಿಗಿಡ, ಬಾಲಿಯ ನುಣುಪು ಬುಟ್ಟಿಗಳಿಗೆ ಬಳಸುವುದೂ ಇದೇ ಕುಲದ ಗಿಡವನ್ನು. ಮರಕ್ಕೆ ಸುತ್ತಿಕೊಂಡು ಏರುವುದು ಅದರ ಕಾಂಡ ಎಂದು ತೋರುತ್ತದೆ, ನಿಜವಾಗಿ ಅದು ಒಂದೇ ಎಲೆಯ ನಡುನರ, ಹಲವು ಮೀಟರ್ ಉದ್ದದ್ದು. ಗಂಟುಗಳಿಲ್ಲದ್ದರಿಂದ ಉದ್ದಕ್ಕೂ ಒಂದೇ ಹದದಲ್ಲಿ ಸೀಳುತ್ತದೆ. ತೀರ ಎಳೆಯದನ್ನು ಕೊಯ್ದರೆ ಒಣಗಿದಾಗ ಬಹಳ ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ, ತೀರ ಬಲಿತದ್ದು ಬಾಗುವಲ್ಲಿ ಸಿಡಿಯುತ್ತದೆ. ಹದವಾದದ್ದನ್ನು ಆರಿಸಿ, ಸೀಳಿ, ಒಳಗಿನ ಮೆತ್ತನೆಯ ಭಾಗವನ್ನು ಹೆರೆದು ಒಣಗಿಸುತ್ತಾರೆ. ಹೆಣೆಯುವ ಹೊತ್ತಿಗೆ ಮತ್ತೆ ತೇವ ಕೊಡಬೇಕು.

ಹೆಣಿಗೆ ಸುರುಳಿಯ ಬಗೆಯದು. ಒಳಗೆ ತಿರುಳಾಗಿ ದಪ್ಪ ಎಳೆ ಓಡುತ್ತದೆ, ಅದರ ಮೇಲೆ ಒಂದೆರಡು ಮಿಲಿಮೀಟರ್ ಅಗಲದ ಸೀಳು ಸುತ್ತುತ್ತ ಹೋಗುತ್ತದೆ, ಅಲ್ಲಲ್ಲಿ ಹಿಂದಿನ ಸಾಲಿನೊಳಗೆ ತೂರಿ ಬಿಗಿಯುತ್ತದೆ. ಕಣ್ಣು ನಡುವೆ ತೂತಿರುವ ಚಕ್ರ, ಒಂದರ ಸುತ್ತ ಒಂದು ಸಾಲು. ಮೂಗು ಏರುದಿಬ್ಬ. ಮೇಲೆ ಅಗಲವಾದ ಶಿರೋಭೂಷಣ, ಹೆಚ್ಚಾಗಿ ಜಾಲಂದ್ರದಂತೆ ತೆರಪು ಬಿಟ್ಟದ್ದು. ಆಕಾರವೆಲ್ಲ ಕೈಯ ಎಳೆತದಲ್ಲಿದೆ. ಹೊಸ ಸಾಲನ್ನು ಹಿಂದಿನದಕ್ಕಿಂತ ಬಿಗಿಯಾಗಿ ಎಳೆದರೆ ಹೆಣಿಗೆ ಬಟ್ಟಲಾಗಿ ಒಳಗೆ ಬಾಗುತ್ತದೆ, ಸಡಿಲ ಬಿಟ್ಟರೆ ಚಪ್ಪಟೆಯಾಗಿ ಹರಡುತ್ತದೆ. ಕೆನ್ನೆಯ ಭಾಗ ಗೆಣಸಿನ ದುಂಡಿಗೆ ಕೂರಬೇಕಾದ್ದರಿಂದ ಅಲ್ಲಿ ಬಾಗು ಬೇಕು. ಶಿರೋಭೂಷಣ ಚಪ್ಪಟೆ ನಿಲ್ಲಬೇಕು. ಒಂದೇ ವಸ್ತುವಿನಲ್ಲಿ ಈ ಎರಡೂ ಎಳೆತ ಸರಾಗವಾಗಿ ಕೂಡಿದ್ದರೆ ಅದು ಪಳಗಿದ ಕೈ. ಬಹುಪಾಲು ಮುಖವಾಡಗಳು 30ರಿಂದ 60 ಸೆಂ.ಮೀ. ಎತ್ತರ, ಅಂಗೈಯಗಲದವೂ ಇವೆ. ಹಿಂಬದಿ ಟೊಳ್ಳು, ಕಟ್ಟುವ ದಾರ ಹೆಣಿಗೆಯ ತೆರಪಿನಲ್ಲೇ ಹಾಯುತ್ತದೆ. ಮನುಷ್ಯರು ತಲೆಗೆ ಇಳಿಬಿಟ್ಟುಕೊಂಡು, ಮೈತುಂಬ ಎಲೆ ಮುಚ್ಚಿಕೊಂಡು ಕುಣಿಯುವ ದೊಡ್ಡ ಬಾಬಾ ಮುಖವಾಡಗಳೂ ಇದೇ ಹೆಣಿಗೆಯವು.

ಹೆಣೆದು ಮುಗಿದರೆ ಅರ್ಧ ಕೆಲಸ. ಉಳಿದರ್ಧ ಬಣ್ಣದ್ದು, ಅಬೆಲಾಮರ ದೃಷ್ಟಿಯಲ್ಲಿ ತೂಕ ಹೆಚ್ಚಿರುವುದೂ ಅದಕ್ಕೇ. ಕೆಂಪು ಮತ್ತು ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲ ಕಪ್ಪು, ಇವು ನಾಲ್ಕು. 1958ರಿಂದ 1963ರ ನಡುವೆ ಎರಡು ಅವಧಿಗಳಲ್ಲಿ ಅಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಆಂಟನಿ ಫೋರ್ಜ್ ಗುರುತಿಸಿದ ಮುಖ್ಯ ಸಂಗತಿಯೇ ಇದು: ಅವರಿಗೆ ಬಣ್ಣವೆಂದರೆ ಮೇಲಿನ ಅಲಂಕಾರವಲ್ಲ, ಶಕ್ತಿಯುಳ್ಳ ದ್ರವ್ಯ. ಗೆಣಸು ಬೆಳೆಸಲು ಬಳಸುವ ಮಂತ್ರದ್ರವ್ಯಗಳೂ ಬಣ್ಣದ ವರ್ಗಕ್ಕೇ ಸೇರುತ್ತವೆ. ಹಾಗಾಗಿ ಪ್ರತಿ ಸುಗ್ಗಿಗೂ ಮುಖವಾಡಕ್ಕೆ ಹೊಸದಾಗಿ ಬಣ್ಣ ಬೀಳಬೇಕು. ಹೋದ ವರ್ಷದ ಬಣ್ಣದ ಕೆಲಸ ಹೋದ ವರ್ಷಕ್ಕೆ ಮುಗಿಯಿತು. ಹಳೆಯ ಮುಖವಾಡದ ಸಂದಿಗಳಲ್ಲಿ ಪದರದ ಮೇಲೆ ಪದರ ಮಣ್ಣು ಕೂತಿರುವುದಕ್ಕೆ ಕಾರಣ ಇದೇ.

ಇಡೀ ಓಷಿಯಾನಿಯದಲ್ಲಿ ಹೀಗೆಯೇ ನಡೆಯುತ್ತದೆ ಎಂದುಕೊಳ್ಳಬಾರದು. ನ್ಯೂಬ್ರಿಟನ್ ದ್ವೀಪದ ಸುಲ್ಕಾ ಜನ ಗಿಡದ ತಿರುಳಿನ ಪಟ್ಟಿಗಳನ್ನು ಹೊಲಿದು ಮಾಡುವ ದೊಡ್ಡ ಮುಖವಾಡಗಳನ್ನು ಆಚರಣೆ ಮುಗಿದ ಮೇಲೆ ನಾಶಮಾಡಿಬಿಡುತ್ತಾರೆ. ನ್ಯೂಗಿನಿಯ ನೈಋತ್ಯ ಕರಾವಳಿಯ ಅಸ್ಮತ್ ಜನರ ಜಿಪೇ, ಹಗ್ಗ ಹೆಣೆದು ಸಾಗು ಎಲೆಯ ಜಾಲರಿ ಇಳಿಬಿಟ್ಟ ಮೈಮುಚ್ಚುವ ಉಡುಪು, ಸತ್ತವರನ್ನು ಒಮ್ಮೆ ಊರಿಗೆ ಕರೆದು ಬೀಳ್ಕೊಡಲು. ಒಂದರ ನ್ಯಾಯ ಇನ್ನೊಂದಕ್ಕೆ ಹೊಂದುವುದಿಲ್ಲ. ಸುಟ್ಟು ಮುಗಿಸಬೇಕಿದ್ದ ವಸ್ತುವನ್ನು ಉಳಿಸಿಕೊಂಡಿರುವುದು ಒಂದು ಬಗೆಯ ಸಮಸ್ಯೆ, ಮತ್ತೆ ಬಣ್ಣ ಬೀಳಬೇಕಿದ್ದ ವಸ್ತುವನ್ನು ಹಳೆಯ ಬಣ್ಣದಲ್ಲೇ ನಿಲ್ಲಿಸಿರುವುದು ಇನ್ನೊಂದು.

ಸಂಗ್ರಹಾಲಯದಲ್ಲಿ ನಾರಿಗೆ ಆಗುವ ಹಾನಿಯಲ್ಲಿ ಮೊದಲನೆಯದು ಬೆಳಕಿನದು. ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್ ಬೆಳಕಿಗೆ ಒಡೆದು ಬಣ್ಣ ಮಾಸುತ್ತದೆ, ಎಳೆ ಪೆಡಸಾಗುತ್ತದೆ. ಇಂಥ ವಸ್ತುಗಳಿಗೆ ಒಪ್ಪಿತ ಮಿತಿ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ). ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದು ಹಿಡಿದರೂ 1,20,000 ಲಕ್ಸ್-ಗಂಟೆ ಆಗುತ್ತದೆ. ನಡುಹಗಲ ನೇರ ಬಿಸಿಲು ಒಂದು ಗಂಟೆಗೇ ಸುಮಾರು 1,00,000 ಲಕ್ಸ್-ಗಂಟೆ ಸುರಿಯುತ್ತದೆ. ರಾಕ್‌ಫೆಲ್ಲರ್ ವಿಭಾಗದ ನವೀಕರಣದಲ್ಲಿ ದಕ್ಷಿಣ ದಿಕ್ಕಿನ ಇಳಿಜಾರು ಗಾಜಿನ ಗೋಡೆಯನ್ನೇ ಹೊಸದು ಮಾಡಬೇಕಾಗಿ ಬಂದದ್ದರ ಹಿಂದೆ ಇರುವುದು ಈ ಲೆಕ್ಕ.

ಎರಡನೆಯದು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ನಿಂತರೆ ಬೂಷ್ಟು ಶುರು. ಶೇ. 40ಕ್ಕಿಂತ ಕೆಳಗಿಳಿದರೆ ಎಳೆಗಳು ಕುಗ್ಗಿ, ಬಾಗಿದ ಜಾಗದಲ್ಲಿ ಸೀಳುತ್ತವೆ. ಇನ್ನು ಹುಳು: ಕುಟ್ಟೆ ತಿರುಳಿನೊಳಗೆ ಸೇರಿ ಹಿಟ್ಟು ಮಾಡುತ್ತದೆ, ಹೊರಗಿನ ಸುತ್ತು ಗಟ್ಟಿಯಾಗಿಯೇ ಕಾಣುತ್ತದೆ, ಎತ್ತಿದಾಗ ಕುಸಿಯುತ್ತದೆ. ಈಗಿನ ಪದ್ಧತಿಯಲ್ಲಿ ಹುಳಕ್ಕೆ ಔಷಧಿ ಹಾಕುವುದಿಲ್ಲ. ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ, ಇಲ್ಲವೇ ಮೈನಸ್ 20ರಲ್ಲಿ ಎರಡು ವಾರ ಇಡುತ್ತಾರೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಇಬ್ಬನಿ ಚೀಲದ ಮೇಲೆ ಕೂರುವ ಬದಲು ಬಣ್ಣದ ಮೇಲೆ ಕೂರುತ್ತದೆ. ಮಣ್ಣಿನ ಬದಲು ಅಂಗಡಿಯ ಡಬ್ಬಿ ಬಣ್ಣ ಬಳಿದ ಮುಖವಾಡಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಕ್ರಿಲಿಕ್ ಬಣ್ಣ ಚಳಿಗೆ ಗಾಜಿನಂತೆ ಪೆಡಸಾಗುತ್ತದೆ, ತಣ್ಣಗಿರುವಾಗ ಅಲುಗಿಸಿದರೆ ಹಕ್ಕಳೆಯಾಗಿ ಏಳುತ್ತದೆ. ಚಳಿ ತಾಳದ ವಸ್ತುವನ್ನು ಸಾರಜನಕ ತುಂಬಿದ ಚೀಲದಲ್ಲಿ, ಆಮ್ಲಜನಕ ಶೇ. 0.5ಕ್ಕಿಂತ ಕಡಿಮೆ ಇರುವಂತೆ, ಸುಮಾರು ಮೂರು ವಾರ ಇಡುವ ದಾರಿ ಇದೆ.

ಮಣ್ಣಿನ ಬಣ್ಣವೇ ಎಲ್ಲಕ್ಕಿಂತ ಕಷ್ಟ. ಅದರಲ್ಲಿ ಅಂಟು ತೀರ ಕಡಿಮೆ, ಬೆರಳು ತಗುಲಿದರೆ ಹುಡಿ ಉದುರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿಹೋಗುತ್ತದೆ. ಹಿಂದಿನವರು ರಾಳದ ದ್ರಾವಣ ಸಿಂಪಡಿಸಿ ಗಟ್ಟಿ ಮಾಡಿದರು. ಹೊಳಪಿಲ್ಲದ ಬಿಳಿ ಜೇಡಿ ಎಣ್ಣೆ ಹೀರಿದಂತೆ ಕಪ್ಪಗಾಯಿತು, ಮತ್ತೆ ಹಿಂದಿರುಗಿಸಲು ಬರಲಿಲ್ಲ. ಈಗ ಮೀಥೈಲ್ ಸೆಲ್ಯುಲೋಸ್, ಮೀನಿನ ಅಂಟು, ಅಥವಾ ಜಪಾನಿನ ಫುನೋರಿ ಎಂಬ ಕಡಲಪಾಚಿಯ ಅಂಟನ್ನು ತೀರ ತೆಳ್ಳಗೆ ಮಾಡಿ ಮಂಜಿನಂತೆ ಹಾಯಿಸುತ್ತಾರೆ.

ಇಷ್ಟೆಲ್ಲ ಜೋಪಾನದ ನಡುವೆ ಮುಚ್ಚಿಹೋಗಿರುವ ಸಂಗತಿಯೊಂದಿದೆ, ಮುಖವಾಡ ಹಿಂದಿರುಗಿಸುವ ಮಾತು ಬಂದಾಗ ಮೊದಲು ಕೇಳಬೇಕಾದ್ದು ಅದನ್ನೇ. 20ನೇ ಶತಮಾನದ ನಡುಭಾಗದವರೆಗೂ, ಕೆಲವೆಡೆ ಅದಾದ ಮೇಲೂ, ಸಂಗ್ರಹಾಲಯಗಳು ನಾರು, ಗರಿ, ಚರ್ಮದ ವಸ್ತುಗಳಿಗೆ ಆರ್ಸೆನಿಕ್, ಪಾದರಸದ ಲವಣ, ಡಿಡಿಟಿ ಬಳಸಿದವು. ಬಳಸಿದ್ದನ್ನು ಬರೆದಿಟ್ಟವರು ಕಡಿಮೆ. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರಿಗೆ ಮರಳಿದ ಪವಿತ್ರ ವಸ್ತುಗಳಲ್ಲಿ ಆರ್ಸೆನಿಕ್ ಇದೆ ಎಂಬುದು ವಸ್ತುಗಳು ಊರು ಸೇರಿದ ಮೇಲೆ ಗೊತ್ತಾಯಿತು. ಅಬೆಲಾಮರಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಮುಖವಾಡ ಕೂರುವುದು ಗೆಣಸಿನ ಮೇಲೆ. ಆ ಗೆಣಸನ್ನು ಪಡೆದವನು ಕೊನೆಗೆ ತಿನ್ನುತ್ತಾನೆ, ಇಲ್ಲವೇ ತಲೆಯ ತುಂಡನ್ನು ಬಿತ್ತನೆಗೆ ಇಡುತ್ತಾನೆ. ಬಣ್ಣ ಬಳಿಯುವವನು ಬರಿಗೈಯಲ್ಲಿ ಹಳೆಯ ಹುಡಿಯನ್ನು ಕೆರೆಯುತ್ತಾನೆ. ಮರಳಿಸಿದ ವಸ್ತು ಗಾಜಿನ ಪೆಟ್ಟಿಗೆಯಲ್ಲೇ ಕೂರುತ್ತದೆ ಎಂದು ಹಿಂದಿರುಗಿಸುವವರು ಭಾವಿಸಿದ್ದರೆ, ಅದು ಯಾಕೆ ಮರಳಬೇಕು ಎಂಬುದನ್ನೇ ಅವರು ಯೋಚಿಸಿಲ್ಲ.

ಪರೀಕ್ಷೆ ಸಾಧ್ಯವಿದೆ, ಸುಲಭವಲ್ಲ. ಎಕ್ಸ್-ಕಿರಣ ಬೀರಿ ಧಾತುಗಳನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ವಸ್ತುವಿಗೆ ಗಾಯ ಮಾಡದೆ ಆರ್ಸೆನಿಕ್, ಪಾದರಸ, ಸೀಸವನ್ನು ತೋರಿಸುತ್ತದೆ. ತೆರಪು ಬಿಟ್ಟ ಹೆಣಿಗೆಯಲ್ಲಿ ಅದರ ಕಿರಣ ಅರ್ಧ ನಾರಿಗೆ, ಅರ್ಧ ಗಾಳಿಗೆ ಬೀಳುವುದರಿಂದ ಅಂಕಿ ಕಡಿಮೆ ಬರುತ್ತದೆ. ವಿಷದ ಹುಡಿ ಕೂತಿರುವುದು ಸುರುಳಿಯ ಸಂದಿಗಳಲ್ಲಿ, ಹಿಂಬದಿಯ ಟೊಳ್ಳಿನಲ್ಲಿ. ಹಣೆಯ ಮೇಲೆ ಒಂದು ಕಡೆ ಇಟ್ಟು ನೋಡಿ ಶುದ್ಧ ಎನ್ನುವಂತಿಲ್ಲ, ಮುಂದೆ ಹಿಂದೆ ಹತ್ತಾರು ಜಾಗದಲ್ಲಿ ಅಳೆಯಬೇಕು. ಈ ಯಂತ್ರದಲ್ಲಿ ಪ್ರತಿ ಧಾತುವೂ ತನ್ನದೇ ಶಕ್ತಿಯ ಗೆರೆಗಳಾಗಿ ಕಾಣುತ್ತದೆ. ಆರ್ಸೆನಿಕ್ಕಿನ ಮುಖ್ಯ ಗೆರೆ ಮತ್ತು ಸೀಸದ ಗೆರೆ ಸುಮಾರು 10.5 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹಳೆಯ ಡಬ್ಬಿ ಬಣ್ಣದಲ್ಲಿ ಸೀಸವಿದ್ದರೆ ಅದನ್ನು ಆರ್ಸೆನಿಕ್ ಎಂದು, ಆರ್ಸೆನಿಕ್ಕನ್ನು ಸೀಸ ಎಂದು ಓದುವ ಸಾಧ್ಯತೆ ಇದೆ, ಎರಡನೆಯ ಗೆರೆಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಡಿಡಿಟಿಯಂಥ ಸಾವಯವ ವಿಷಗಳಿಗೆ ಈ ಯಂತ್ರ ಸಾಲದು. ದ್ರಾವಕ ಅದ್ದಿದ ಹತ್ತಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ವಿಷವಿದೆ ಎಂದು ಗೊತ್ತಾದ ಮೇಲೆ ಪೂರ್ತಿ ತೆಗೆಯುವ ನಂಬಲರ್ಹ ದಾರಿ ಇಲ್ಲ. ಮೃದು ಬ್ರಷ್ಷಿನಿಂದ, ಸೂಕ್ಷ್ಮ ಶೋಧಕವಿರುವ ನಿರ್ವಾತ ಯಂತ್ರದಿಂದ ಸಡಿಲ ಹುಡಿ ಕಡಿಮೆ ಮಾಡಬಹುದು, ಜೊತೆಗೆ ಬಣ್ಣವೂ ಒಂದಿಷ್ಟು ಹೋಗುತ್ತದೆ. ಸುಟ್ಟುಬಿಡೋಣ ಎಂದರೆ ಆರ್ಸೆನಿಕ್ ಹೊಗೆಯಾಗಿ ಉಸಿರಿಗೆ ಸೇರುತ್ತದೆ.

ಆದುದರಿಂದ ಮುಖವಾಡ ಹಿಂದಿರುಗಿಸುವ ಸಂಸ್ಥೆ ಪೆಟ್ಟಿಗೆಯ ಜೊತೆ ಅಳತೆಯ ಪೂರ್ತಿ ವಿವರ ಕೊಡಬೇಕು, ಯಾವ ಜಾಗದಲ್ಲಿ ಎಷ್ಟು ಎಂಬ ನಕ್ಷೆ ಸಮೇತ, ಆ ದೇಶದ ಸಂಪರ್ಕ ಭಾಷೆ ಟೋಕ್ ಪಿಸಿನ್‌ನಲ್ಲಿ, ಸಾಧ್ಯವಾದರೆ ಅಬೆಲಾಮರ ಅಂಬುಲಾಸ್ ಭಾಷೆಯಲ್ಲಿ. ಪರೀಕ್ಷೆಯ ಖರ್ಚು ಕೊಡುವವರದ್ದೇ ಆಗಬೇಕು. ವಿಷ ಹಾಕಿದವರು ಅವರೇ. ವಿಷವಿರುವ ಮುಖವಾಡವನ್ನು ಮತ್ತೆ ಗೆಣಸಿಗೆ ಕಟ್ಟುವಂತಿಲ್ಲ ಎಂಬುದನ್ನು ಕೊಡುವ ಮುನ್ನವೇ ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಪರೀಕ್ಷೆಯ ನೆಪವೊಡ್ಡಿ ಹಿಂದಿರುಗಿಸುವುದನ್ನೇ ಮುಂದೂಡುವುದೂ ಅಷ್ಟೇ ತಪ್ಪು. ಒಂದು ಮುಖವಾಡ ಅಳೆಯಲು ಬೇಕಾದದ್ದು ಗಂಟೆಗಳು.

ಊರಿನ ಕಡೆ ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಮುಖವಾಡ ಬಂದರೂ ಅದನ್ನು ತೊಡುವ ಗೆಣಸು ಇರಬೇಕಲ್ಲ? ಮಾಪ್ರಿಕ್ ಸುತ್ತ ಕಾಫಿ, ಕೋಕೋ ಹಿಂದೆಯೇ ಬಂದಿದ್ದವು. 2000ದಲ್ಲಿ ವೆನಿಲಾ ಹೆಚ್ಚು ಬೆಳೆಯುವ ಮಡಗಾಸ್ಕರಿನ ಚಂಡಮಾರುತದ ಬಳಿಕ ವೆನಿಲಾ ಬೆಲೆ ಏರಿದಾಗ ಇಡೀ ಪ್ರದೇಶ ವೆನಿಲಾಕ್ಕೆ ತಿರುಗಿತು. ಅದೇ ವರ್ಷಗಳಲ್ಲಿ ನಮ್ಮ ಮಲೆನಾಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೂ ವೆನಿಲಾ ನುಗ್ಗಿ, ಬೆಲೆ ಬಿದ್ದಾಗ ಬೆಳೆಗಾರರು ಕಂಗೆಟ್ಟದ್ದು ಇಲ್ಲಿನ ಓದುಗರಿಗೆ ನೆನಪಿದ್ದೀತು. ಹೂವಿಗೆ ಒಂದೊಂದಾಗಿ ಕೈಯಿಂದ ಪರಾಗಸ್ಪರ್ಶ ಮಾಡಿಸಬೇಕು, ಕೋಡನ್ನು ಕಳ್ಳರಿಂದ ಕಾಯಬೇಕು. ಆಳದ ಗುಂಡಿ ತೋಡಿ ತಿಂಗಳುಗಟ್ಟಲೆ ಒಂದು ಗೆಣಸಿನ ಹಿಂದೆ ಬೀಳುವ ಬಿಡುವು ಅಲ್ಲಿ ಎಷ್ಟು ಉಳಿಯುತ್ತದೆ?

ಇದರ ಮೇಲೆ ಚರ್ಚಿನ ಒತ್ತಡ. ಪುನರುಜ್ಜೀವನ ಪಂಥದ ಸಭೆಗಳು ಹಳೆಯ ಆಚರಣೆಗಳನ್ನು ಸೈತಾನನ ಕೆಲಸವೆನ್ನುತ್ತವೆ. ಈ ಎಳೆದಾಟ ಊರಿನಲ್ಲಷ್ಟೇ ಇಲ್ಲ. ಪೋರ್ಟ್ ಮೋರ್ಸ್‌ಬಿಯ ಸಂಸತ್ ಭವನ 1984ರಲ್ಲಿ ಉದ್ಘಾಟನೆಯಾದಾಗ ಅದರ ಮುಖಮಂಟಪಕ್ಕೆ ಮಾದರಿಯಾದದ್ದು ಮಾಪ್ರಿಕ್‌ನ ಹಾಸ್ ತಂಬರಾನ್, ಮುಂದಕ್ಕೆ ಬಾಗಿದ ಎತ್ತರದ ತ್ರಿಕೋನ ಮುಖದ ದೈವದ ಮನೆ. 2013ರ ಕೊನೆಯಲ್ಲಿ ಅದೇ ಭವನದ ಕೆತ್ತನೆಗಳನ್ನು ಅನ್ಯದೇವತೆಗಳ ಗುರುತೆಂದು ಸಭಾಧ್ಯಕ್ಷರೇ ತೆಗೆಸಲು ಹೊರಟರು, ದೊಡ್ಡ ವಿವಾದವಾಯಿತು. ಹೀಗಿದ್ದೂ ಗೆಣಸಿನ ಪ್ರದರ್ಶನ ನಿಂತಿಲ್ಲ. ದೈವದ ಮನೆಯ ದೀಕ್ಷಾವಿಧಿಗಳು ಸೊರಗಿದ ಕಡೆಯೂ ಗೆಣಸು ಕೊಡುಕೊಳ್ಳುವುದು ಗಟ್ಟಿಯಾಗಿ ಉಳಿದಿದೆ, ಏಕೆಂದರೆ ಜೊತೆಗಾರನಿಗೆ ತೀರಿಸಬೇಕಾದ ಬಾಕಿ ಯಾವಾಗಲೂ ಒಂದು ಕಡೆ ಇದ್ದೇ ಇರುತ್ತದೆ.

ನನ್ನ ತೀರ್ಮಾನ ಇಷ್ಟು: ಹಳೆಯ ಮುಖವಾಡವನ್ನು ಮರಳಿಸುವುದು ನ್ಯಾಯ, ಅದಕ್ಕೆ ಹಣ ಸುರಿಯುವವರು ಅಷ್ಟೇ ಹಣವನ್ನು ಹೊಸದನ್ನು ಹೆಣೆಸುವುದಕ್ಕೂ ತೆಗೆದಿಡಬೇಕು. ಸಂಗ್ರಹಾಲಯದ ವಸ್ತುವಿನಿಂದ ಹೆಣಿಗೆಯ ಸಾಲುಗಳನ್ನು ಎಣಿಸಬಹುದು, ತ್ರಿಆಯಾಮದ ಚಿತ್ರ ತೆಗೆಯಬಹುದು, ಬಣ್ಣದ ಪದರಗಳ ಕ್ರಮ ತಿಳಿಯಬಹುದು. ಎಳೆಯನ್ನು ಎಷ್ಟು ಬಿಗಿಯಬೇಕು, ಯಾವ ಹದದ ಹಂಬು ಕೊಯ್ಯಬೇಕು ಎಂಬುದು ಚಿತ್ರದಲ್ಲಿ ಬರುವುದಿಲ್ಲ, ಅದು ಕೈಯಿಂದ ಕೈಗೆ ದಾಟಬೇಕು. ಆ ಚಿತ್ರಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಹೆಣೆಯುವವರ ಕೈಗೆ ಕೊಟ್ಟು, ಇನ್ನೂ ಗೊತ್ತಿರುವ ಹಿರಿಯರಿಗೆ ಕೂಲಿ ಕೊಟ್ಟು ಕಿರಿಯರೊಡನೆ ಕೂರಿಸುವುದು ದೊಡ್ಡ ಖರ್ಚೂ ಅಲ್ಲ. ಹಳೆಯದಕ್ಕೆ ಹೊಸ ಬಣ್ಣ ಬಳಿಯಬೇಕೇ ಎಂಬ ಪ್ರಶ್ನೆಯಲ್ಲಿ ಸಂರಕ್ಷಕರು ಬೇಡವೆನ್ನುತ್ತಾರೆ. ಅವರ ಅಂಗಳದಲ್ಲಿ ಇರುವ ತನಕ ಅದು ಸರಿ. ಊರಿಗೆ ಮರಳಿದ, ವಿಷವಿಲ್ಲದ ಮುಖವಾಡಕ್ಕೆ ಬಣ್ಣ ಬಳಿಯುವುದು ಅದರ ಒಡೆಯರ ಹಕ್ಕು, ಅದಕ್ಕೆ ಷರತ್ತು ಹಾಕಿ ಕೊಡುವುದು ಕೊಟ್ಟಂತೆಯೇ ಅಲ್ಲ.

ಕೊಳ್ಳುವವರಿಗೂ ಒಂದು ಮಾತು, ಆನ್‌ಲೈನ್ ಹರಾಜಿನಲ್ಲಿ ಇವು ಭಾರತದಿಂದಲೂ ಕೈಗೆಟುಕುತ್ತವೆ. ಮಾರಾಟಕ್ಕೆಂದೇ ಹೆಣೆದ, ಹೊಳೆಯುವ ಅಕ್ರಿಲಿಕ್ ಬಣ್ಣದ ಹೊಸ ಮುಖವಾಡ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆ ದುಡ್ಡು ಹೆಣೆಯುವವರಿಗೆ ಬೇಕು. ಹಳೆಯದೆಂದು ತೋರಿಸುವುದನ್ನು ತಿರುಗಿಸಿ ಹಿಂಬದಿ ನೋಡಿ. ನಿಜಕ್ಕೂ ಬಳಕೆಯಾದದ್ದರಲ್ಲಿ ದಾರ ಹಾಯ್ದ ಕಡೆ ಎಳೆ ಸವೆದಿರುತ್ತದೆ, ಸಂದಿಯಲ್ಲಿ ಬೇರೆಬೇರೆ ಬಣ್ಣದ ಪದರಗಳಿರುತ್ತವೆ. ಹೊಗೆ ಹಿಡಿಸಿ ಹಳೆಯದು ಮಾಡಿದ್ದರಲ್ಲಿ ಒಳಗೂ ಹೊರಗೂ ಒಂದೇ ಸಮನಾದ ಕಪ್ಪು. ಹಳೆಯದೇ ಆದರೆ ಪಪುವಾ ನ್ಯೂಗಿನಿಯ ರಾಷ್ಟ್ರೀಯ ಸಂಗ್ರಹಾಲಯ ಕೊಡುವ ರಫ್ತು ಪರವಾನಗಿ ಕೇಳಿ. 1965ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯ್ದೆ ಅಲ್ಲಿ ಈಗಲೂ ಜಾರಿಯಲ್ಲಿದೆ. ಮುಖವಾಡಕ್ಕೆ ಸ್ವರ್ಗಪಕ್ಷಿಯ ಗರಿ ಸಿಕ್ಕಿಸಿದ್ದರೆ ಆ ಪಕ್ಷಿಯ ಇಡೀ ಕುಟುಂಬ, ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಅನುಬಂಧಗಳನ್ನು ಒಳಗೆ ಸೇರಿಸಿಕೊಂಡಿದೆ, ಕಾಗದಪತ್ರವಿಲ್ಲದೆ ತರಿಸಿಕೊಂಡರೆ ಮುಖವಾಡ ಕಸ್ಟಮ್ಸ್‌ನವರ ಕೈಯಲ್ಲೇ ಉಳಿಯುತ್ತದೆ.